ಕಬ್ಬಿಣ ಎತ್ತಿದ ಶಂಕ್ರಮ್ಮ

ಶಂಕ್ರಮ್ಮನ ಗದ್ದದ ಮೇಲೆ ಕೂದಲು ಬರತೊಡಗಿದ್ದು ಮದುವೆಯಾದ ಎರಡನೆಯ ವರ್ಷ. ಅದನ್ನು ಮೊದಲು ಕಂಡವಳು ಅವಳಲ್ಲ, ಅತ್ತೆ ಬಾಲಮ್ಮ. ಬೆಳಗಿನ ಹೊತ್ತು, ಅಂಗಳದಲ್ಲಿ ಮುಸುರೆ ತಿಕ್ಕುತ್ತ ಕೂತಿದ್ದ ಸೊಸೆಯ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಬಾಲಮ್ಮ ಹತ್ತಿರ ಬಂದು, ಗದ್ದ ಹಿಡಿದೆತ್ತಿ, ಸಂತೆಯಲ್ಲಿ ಕುರಿಯ ಹಲ್ಲು ನೋಡುವ ಹಾಗೆ ನೋಡಿದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಬಸವಂತಾ, ಬಾ ಇಲ್ಲಿ. ನಿನ್ನ ಹೆಂಡ್ತಿಗಿ ಮೀಸಿ ಬಂದಾವ ನೋಡು."

ಬಸವಂತರಾಯ ಬಂದ, ನೋಡಿದ, ತಿರುಗಿ ಒಳಗೆ ಹೋದ. ಅಂದಿನಿಂದ ಹೆಂಡತಿಯ ಮುಖ ನೋಡಿ ಮಾತಾಡುವುದನ್ನು ಬಿಟ್ಟ. ಗೋಡೆಗೋ ಬಾಗಿಲಿಗೋ ಹೇಳುವವನ ಹಾಗೆ "ನೀರು ಕೊಡು", "ಅಂಗಿ ಎಲ್ಲಿ" ಅನ್ನುತ್ತಿದ್ದ.

ಶಂಕ್ರಮ್ಮ ಸುರಪುರದ ಆಚೆಯ ದೇವಾಪುರದವಳು. ಅಪ್ಪನ ಕಾಲಕ್ಕೆ ಮನೆಯಲ್ಲಿ ದೊಡ್ಡ ಕುರಿಹಿಂಡು ಇತ್ತು. ಅವಳೂ ಲಂಗ ಎತ್ತಿ ಕಟ್ಟಿಕೊಂಡು ಹಿಂಡಿನ ಹಿಂದೆ ಗುಡ್ಡ ಹತ್ತಿ ಇಳಿದು ಬೆಳೆದವಳೇ. ಕಾಲುವೆ ಬಂದು ಮೇಯುವ ನೆಲವೆಲ್ಲ ಭತ್ತದ ಗದ್ದೆಯಾದ ಮೇಲೆ ಹಿಂಡು ಕರಗಿತು. ಅಣ್ಣ ಗದ್ದೆಗಿಳಿದ. ತಂಗಿಯನ್ನು ಶಹಾಪುರದ ಬಸವಂತರಾಯನಿಗೆ ಕೊಟ್ಟರು. ಅವನದು ಕಾಲುವೆಯ ತೂಬುಗಳಲ್ಲಿ ನೀರು ಬಿಡುವ, ಕಟ್ಟುವ ಕೆಲಸ. ಮನೆ ಹಳೇ ಊರಿನ ಇಕ್ಕಟ್ಟು ಓಣಿಯಲ್ಲಿ, ಗುಡ್ಡದ ಬುಡಕ್ಕೆ. ಮನೆಯಲ್ಲಿದ್ದದ್ದು ಅವನು, ತಾಯಿ ಬಾಲಮ್ಮ, ಶಂಕ್ರಮ್ಮ, ಮೂರೇ ಮಂದಿ. ಶಂಕ್ರಮ್ಮ ದಿನಾ ಬೆಳಿಗ್ಗೆ ಟಂಟಂ ಆಟೋ ಹತ್ತಿ ಭೀಮರಾಯನಗುಡಿಗೆ ಹೋಗಿ ಕೃಷಿ ಕಾಲೇಜಿನ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಮೈಯಲ್ಲಿ ಏನೋ ಕೆಟ್ಟಿದೆ ಅನ್ನುವುದು ಅವಳಿಗೆ ಕೂದಲಿಗಿಂತ ಮೊದಲೇ ಗೊತ್ತಿತ್ತು. ತಿಂಗಳುಗಟ್ಟಲೆ ಮುಟ್ಟು ನಿಲ್ಲುತ್ತಿತ್ತು. ಬಂದರೆ ಹರಿದು ಹೋಗುವ ಹಾಗೆ ಬಂದು ವಾರ ಕಳೆದರೂ ನಿಲ್ಲುತ್ತಿರಲಿಲ್ಲ. ಹೊಟ್ಟೆ, ಸೊಂಟ ದಪ್ಪಗಾದವು. ಕುತ್ತಿಗೆಯ ಹಿಂದೆ ಮಸಿ ಹತ್ತಿದ ಹಾಗೆ ಕಪ್ಪು ಬಂತು. ಬಾಲಮ್ಮ ಅದನ್ನು ಹೊಲಸು ಅಂದಳು. "ಮೈ ತೊಳಕೊಳ್ಳಾಕ ಬರೂದಿಲ್ಲೇನ್ ನಿನಗ?" ಅಂತ ತೆಂಗಿನ ನಾರು ಕೈಗೆ ಕೊಟ್ಟಳು. ಶಂಕ್ರಮ್ಮ ಬಚ್ಚಲಲ್ಲಿ ಕೂತು ತಿಕ್ಕಿದಳು. ತಿಕ್ಕಿ ತಿಕ್ಕಿ ರಕ್ತ ಜಿನುಗಿತು. ಕಪ್ಪು ಮಾತ್ರ ಹೋಗಲಿಲ್ಲ.

ಅತ್ತೆ-ಸೊಸೆಯ ನಡುವೆ ಮೊದಲೂ ಪ್ರೀತಿ ಇರಲಿಲ್ಲ, ಈಗ ಹಗೆ ಆಯಿತು. ಬಾಲಮ್ಮ ಓಣಿಯ ಹೆಂಗಸರ ಮುಂದೆ ಸೊಸೆಯನ್ನು "ನಮ್ಮ ಮನಿ ಗಂಡುಬೀರಿ" ಅನ್ನುತ್ತಿದ್ದಳು. ಶಂಕ್ರಮ್ಮನೂ ಸಾಧು ಹೆಂಗಸೇನಲ್ಲ. ಅತ್ತೆಯ ಬೇಳೆಗೆ ಬೇಕಂತಲೇ ಉಪ್ಪು ಸುರಿಯುತ್ತಿದ್ದಳು. ಮುದುಕಿ ಮುಖ ಕಿವುಚಿದರೆ, "ನಿಮ್ಮ ನಾಲಿಗಿ ಕೆಟ್ಟದ, ಅತ್ತಿ" ಅನ್ನುತ್ತಿದ್ದಳು. ಎರಡು ಸಲ ಬಸವಂತರಾಯ ಕೈ ಮಾಡಿದ. ಅವಳು ಅಳಲಿಲ್ಲ. ಹೊಡೆತವನ್ನು ನೆನಪಿನಲ್ಲಿ ಇಟ್ಟುಕೊಂಡಳು.

ಒಂದು ದಿನ ಹಾಸ್ಟೆಲಿನ ಒಲೆಯ ಮುಂದೆಯೇ ಅವಳು ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಮೂರನೆಯ ವಾರವೂ ರಕ್ತ ನಿಂತಿರಲಿಲ್ಲ. ಜೊತೆಗೆ ರೊಟ್ಟಿ ಬಡಿಯುತ್ತಿದ್ದ ಹಣಮಂತಮ್ಮ ಮುಖಕ್ಕೆ ನೀರು ಚಿಮುಕಿಸಿ, ಹಿಟ್ಟಿನ ಕೈಯಲ್ಲೇ ಬಸ್ಸು ಹತ್ತಿಸಿ ಯಾದಗಿರಿಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದಳು. ಮಾತು ಚುರುಕು, ನಗು ಕಡಿಮೆ. ಹೊಟ್ಟೆಯ ಸ್ಕ್ಯಾನಿಂಗ್, ರಕ್ತದ ಪರೀಕ್ಷೆ ಎಲ್ಲ ಆದ ಮೇಲೆ ಶಂಕ್ರಮ್ಮನನ್ನು ಎದುರಿಗೆ ಕೂರಿಸಿಕೊಂಡಳು.

"ಇದು ಹಾರ್ಮೋನಿನ ಏರುಪೇರು. ಮಾಟ ಅಲ್ಲ, ಹೊಲಸೂ ಅಲ್ಲ. ಭಾಳ ಮಂದಿ ಹೆಣಮಕ್ಕಳಿಗಿ ಅದ, ಹೇಳೂದಿಲ್ಲ ಅಷ್ಟ. ಉಂಡ ಅನ್ನದ ಸಕ್ಕರಿ ಮೈಗೆ ಹತ್ತಬೇಕಂದ್ರ ಇನ್ಸುಲಿನ್ ಬೇಕು. ನಿಮ್ಮ ಮೈ ಅದರ ಮಾತು ಕೇಳವಲ್ದು. ಅದಕ್ಕ ಮೈ ಇನ್ನೂ ಜಾಸ್ತಿ ಇನ್ಸುಲಿನ್ ಸುರೀತದ. ಅದರಿಂದ ಅಂಡಾಶಯ ಕೆಡತದ, ಕೂದಲಾ ಬರತಾವ, ಕುತ್ತಿಗಿ ಕಪ್ಪಾಗತದ. ಗುಳಿಗಿ ಕೊಡ್ತೀನಿ. ಗುಳಿಗಿ ಒಂದರಿಂದ ಆಗೂದಿಲ್ಲ. ನೀವು ಭಾರ ಎತ್ತಬೇಕು."

ಶಂಕ್ರಮ್ಮ ಸಿಡುಕಿದಳು. "ದಿನಾ ಹಿಟ್ಟಿನ ಚೀಲ ಎತ್ತತೀನ್ರಿ. ಕೊಡ ಹೊರತೀನಿ. ಇನ್ನೇನ್ ಎತ್ತಲಿ?"

"ದಿನಾ ಅಷ್ಟ ಎತ್ತಿದ್ರ ಮೈ ಅಷ್ಟಕ್ಕ ರೂಢಿ ಆಗಿ ಸುಮ್ನಾಗತದ. ಈ ವಾರಕ್ಕಿಂತ ಮುಂದಿನ ವಾರ ಜಾಸ್ತಿ ಬೇಡಬೇಕು ಅದರ ಕಡಿಂದ. ಆಗ ಸ್ನಾಯು ಬೆಳೀತದ. ಸ್ನಾಯು ಬೆಳದಷ್ಟು ಸಕ್ಕರಿ ನುಂಗತದ. ತತ್ತಿ, ಬ್ಯಾಳಿ, ಮೊಸರು, ಶೇಂಗಾ ಉಣ್ರಿ. ಅನ್ನ ಕಡಿಮಿ ಮಾಡ್ರಿ."

"ಈಗ ಮೀಸಿ ಬಂದಾವ. ಭಾರ ಎತ್ತಿದ್ರ ಪೂರಾ ಗಂಡಸ ಆಗ್ತೀನೇನ್ರಿ?"

"ಆಗೂದಿಲ್ಲ. ಆ ಅಂಜಿಕಿ ಇಲ್ಲೇ ಬಿಟ್ಟು ಹೋಗ್ರಿ."

"ಮಕ್ಕಳು?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಆಗಬಹುದು. ಆಗೇ ಆಗತಾವ ಅಂತ ನಾ ಮಾತು ಕೊಡೂದಿಲ್ಲ."

ಆಮೇಲೆ ಆಕೆಯೇ ಶಹಾಪುರದ ದಸ್ತಗೀರಸಾಬನಿಗೆ ಫೋನು ಹಚ್ಚಿದಳು. ದಸ್ತಗೀರಸಾಬ ಹಳೆಯ ಪೈಲ್ವಾನ. ಬಸ್‌ಸ್ಟ್ಯಾಂಡಿನ ಹಿಂದೆ ಅವನ ತಾಲೀಮು ಇತ್ತು. ಮೊದಲು ಕುಸ್ತಿಯ ಕೆಮ್ಮಣ್ಣಿನ ಅಖಾಡ. ಈಗ ಅರ್ಧಕ್ಕೆ ಸಿಮೆಂಟು ಹಾಕಿ, ರಾಡು, ಪ್ಲೇಟು, ಡಂಬೆಲ್ಲು ತಂದಿಟ್ಟು, ಮೇಲೂ ಸುತ್ತಲೂ ತಗಡಿನ ಪತ್ರಾಸು ಹೊದಿಸಿದ್ದ. ಹಿಂದೊಮ್ಮೆ ಅವನ ಮಗಳ ಹೆರಿಗೆ ಕಷ್ಟವಾದಾಗ ತಾಯಿ, ಕೂಸು ಎರಡನ್ನೂ ಉಳಿಸಿದವಳು ಈ ಡಾಕ್ಟರಮ್ಮ. ಅವಳ ಮಾತು ತೆಗೆದುಹಾಕುವ ಹಾಗಿರಲಿಲ್ಲ.

ಆದರೆ ಶಂಕ್ರಮ್ಮ ಬಾಗಿಲಿಗೆ ಬಂದು ನಿಂತಾಗ ಅವನ ಮುಖ ಗಂಟಾಯಿತು. ಕುಸ್ತಿಯಲ್ಲಿ ಜಜ್ಜಿಹೋದ ಅವನ ಎಡಗಿವಿ ಒಣಗಿದ ಅಂಜೂರದ ಹಾಗೆ ಮುದುಡಿತ್ತು. ಆ ಕಿವಿ ಉಜ್ಜಿಕೊಳ್ಳುತ್ತ ಅಂದ.

"ನೋಡವ್ವಾ, ಡಾಕ್ಟರಮ್ಮನ ಮಾತಿಗಿ ಹೂಂ ಅಂದೀನಿ, ನಿನಗಲ್ಲ. ಇದು ಗಂಡಸರ ಜಾಗಾ. ಮುಂಜಾನಿ ಬರಬ್ಯಾಡ, ಸಂಜಿಕೂ ಬರಬ್ಯಾಡ. ನಡು ಮಧ್ಯಾಹ್ನ ಬಾ, ಯಾರೂ ಇರಂಗಿಲ್ಲ. ನಾಲ್ಕು ದಿನ ಬಂದು ಬಿಟ್ಟು ಹೋಗ್ತಿ, ನನಗ ಗೊತ್ತದ."

"ಬಿಡೂದು ಬಿಡ್ಲಾರದ್ದು ನಾ ನೋಡ್ಕೋತೀನಿ" ಅಂದಳು ಶಂಕ್ರಮ್ಮ. ಸಲಾಮನ್ನೂ ಹೇಳಲಿಲ್ಲ, ಉಸ್ತಾದ್ ಅಂತಲೂ ಕರೆಯಲಿಲ್ಲ.

ಆಗ ಏಪ್ರಿಲ್. ಮಧ್ಯಾಹ್ನದ ಹೊತ್ತಿಗೆ ಪತ್ರಾಸಿನ ಕೆಳಗೆ ನಿಂತರೆ ತಲೆಯ ಮೇಲೆ ಕಾದ ಹಂಚು ಇಟ್ಟ ಹಾಗೆ. ರಾಡು ಮುಟ್ಟಿದರೆ ಅಂಗೈ ಚುರುಗುಟ್ಟುತ್ತಿತ್ತು. ದಸ್ತಗೀರಸಾಬ ಅವಳಿಗೆ ರಾಡು ಕೊಡಲಿಲ್ಲ. ಒಂದು ಬಿದಿರಿನ ಕೋಲು ಕೊಟ್ಟ.

"ಬಗ್ಗು. ಬೆನ್ನು ಬಗ್ಗಿಸಬ್ಯಾಡ, ಟೊಂಕದಾಗ ಬಗ್ಗು. ಕುಂಡಿ ಹಿಂದಕ್ಕ. ಎದಿ ಮ್ಯಾಲ. ಥತ್! ನೆಲಾ ಸಾರಸೂರಂಗ ಬಗ್ತಿಯಲ್ಲ! ಮತ್ತೊಮ್ಮೆ."

ಮತ್ತೊಮ್ಮೆ, ಮತ್ತೊಮ್ಮೆ. ವಾರ ಕಳೆಯಿತು, ಕೋಲೇ. ಇನ್ನೊಂದು ವಾರ, ಕೋಲೇ. ಅವಳ ಪಕ್ಕದಲ್ಲಿ ಕಬ್ಬಿಣ ರಾಶಿ ಬಿದ್ದಿತ್ತು. ಇವನು ನನ್ನನ್ನು ಆಡಿಸುತ್ತಿದ್ದಾನೆ, ಬೇಸತ್ತು ಬಿಟ್ಟು ಹೋಗಲಿ ಅಂತ ಕಾಯುತ್ತಿದ್ದಾನೆ ಅಂದುಕೊಂಡಳು. ಅದು ಸುಳ್ಳೇನಲ್ಲ. ಅವನು ಕಾಯುತ್ತಿದ್ದದ್ದು ಅದಕ್ಕೇ. ಆದರೆ ಬೆನ್ನು ನೆಟ್ಟಗಿಟ್ಟು ನೆಲದಿಂದ ಭಾರ ಎತ್ತುವುದು ಕಲಿಯಬೇಕಾದರೆ ಅದೇ ದಾರಿ ಅನ್ನುವುದೂ ಅಷ್ಟೇ ನಿಜ. ಆ ಮನುಷ್ಯನಿಗೆ ಅವಮಾನ ಮಾಡುವುದೂ ಪಾಠ ಹೇಳುವುದೂ ಬೇರೆ ಬೇರೆ ಆಗಿರಲಿಲ್ಲ.

ಕೊನೆಗೆ ಒಂದು ದಿನ ಅವಳು ಕೋಲನ್ನು ಅವನ ಕಾಲ ಬುಡಕ್ಕೆ ಎಸೆದಳು. "ಇದನ್ನ ದನಾ ಕಾಯಾಕ ಒಯ್ರಿ. ನನಗ ಕಬ್ಬಿಣ ಕೊಡ್ರಿ."

ದಸ್ತಗೀರಸಾಬ ಕೋಲು ಎತ್ತಿ ಮೂಲೆಗಿಟ್ಟ. ರಾಡು ಉರುಳಿಸಿ ಅವಳ ಮುಂದೆ ತಂದ. ಎರಡೂ ತುದಿಗೆ ಸಣ್ಣ ಪ್ಲೇಟು ಸಿಕ್ಕಿಸಿದ. ಅವಳು ಬಗ್ಗಿದಳು, ಹಿಡಿದಳು, ಉಸಿರು ಕಟ್ಟಿ ಎದ್ದಳು. ಕಬ್ಬಿಣ ನೆಲ ಬಿಟ್ಟು ತೊಡೆಯವರೆಗೆ ಬಂತು. ಅವನು ನೋಡಿದ, ಭೇಷ್ ಅನ್ನಲಿಲ್ಲ.

"ಕೆಳಗಿಡು. ಒಗೀಬ್ಯಾಡ, ನನ್ನ ನೆಲಾ ಒಡೀತದ."

ಅವತ್ತಿನಿಂದ ಭಾರ ಏರಿತು. ಒಂದು ವಾರ ಕೂತೇಳುವ ಬೈಠಕ್ಕು ಜಾಸ್ತಿ, ಇನ್ನೊಂದು ವಾರ ಪ್ಲೇಟು ಜಾಸ್ತಿ. ಒಂದು ದಿನ ಎತ್ತಿದರೆ ಮರುದಿನ ರಜೆ, ಮೈ ಬೆಳೆಯುವುದು ಸುಮ್ಮನಿದ್ದಾಗಲೇ ಅಂತ ಅವನ ನಿಯಮ. ಅವಳ ಕಾಲು ನೋಯುತ್ತಿದ್ದವು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾದವು. ಮನೆಯಲ್ಲಿ ತತ್ತಿ ಮಗನ ತಾಟಿಗಷ್ಟೇ ಬೀಳುತ್ತಿತ್ತು. ಸೊಸೆಗೆ ಅನ್ನ, ನೀರು ಸಾರು. ಹಾಗಾಗಿ ಅವಳು ಊಟವನ್ನೆಲ್ಲ ಹಾಸ್ಟೆಲಿನಲ್ಲೇ ಮುಗಿಸುತ್ತಿದ್ದಳು. ಹೆಸರುಕಾಳಿನ ಪಲ್ಯ, ಮೊಸರು, ಬೇಯಿಸಿದ ತತ್ತಿ, ಎರಡು ರೊಟ್ಟಿ. ಹಣಮಂತಮ್ಮ ಮಡಿಲಲ್ಲಿ ಹುರಿದ ಶೇಂಗಾ ಕಟ್ಟಿ ಕಳಿಸುತ್ತಿದ್ದಳು.

ತಾಲೀಮಿಗೆ ಹೋಗುತ್ತಿರುವುದು ಮನೆಯಲ್ಲಿ ಗೊತ್ತಿರಲಿಲ್ಲ. ಹಾಸ್ಟೆಲಿನ ಕೆಲಸ ತಡವಾಗುತ್ತದೆ ಅಂದಿದ್ದಳು. ಯಾರೂ ಹೆಚ್ಚಿಗೆ ಕೇಳಲಿಲ್ಲ. ಅವಳು ಇಲ್ಲದಷ್ಟು ಹೊತ್ತು ಆ ಮನೆಗೂ ನೆಮ್ಮದಿ.

ತಕ್ಕಡಿಯ ಮೇಲೆ ತೂಕ ಇಳಿದದ್ದು ಅಷ್ಟಕ್ಕಷ್ಟೇ. ಅದಕ್ಕೆ ಅವಳು ಸಿಟ್ಟಿಗೆದ್ದಳು ಕೂಡ. ಆದರೆ ಲಂಗದ ಲಾಡಿ ಸಡಿಲವಾಗಿ, ಕುಪ್ಪಸದ ತೋಳು ಬಿಗಿಯಾಯಿತು. ಹಾಸ್ಟೆಲಿನ ದೊಡ್ಡ ಅನ್ನದ ಬೋಗುಣಿಯನ್ನು ಇಬ್ಬರು ಹಿಡಿದು ಇಳಿಸುತ್ತಿದ್ದರು. ಒಂದು ದಿನ ಹಣಮಂತಮ್ಮ ಬರುವಷ್ಟರಲ್ಲಿ ಅವಳೊಬ್ಬಳೇ ಇಳಿಸಿ ಇಟ್ಟಿದ್ದಳು. ದೀಪಾವಳಿಯ ಹೊತ್ತಿಗೆ, ರೊಟ್ಟಿ ಬಡಿಯುತ್ತಿದ್ದಾಗ, ಕಿಬ್ಬೊಟ್ಟೆಯಲ್ಲಿ ಪರಿಚಯದ ನೋವು ಎದ್ದಿತು. ಮುಟ್ಟು ತಾನಾಗಿ ಬಂದಿತ್ತು. ನಾಲ್ಕು ದಿನ ಇದ್ದು, ಲಕ್ಷಣವಾಗಿ ನಿಂತಿತು. ಮುಂದಿನ ತಿಂಗಳೂ ಬಂತು. ಶಂಕ್ರಮ್ಮ ಹಣಮಂತಮ್ಮನಿಗೂ ಹೇಳಲಿಲ್ಲ. ಎಷ್ಟೋ ವರ್ಷದಿಂದ ಮಾತು ಬಿಟ್ಟ ಒಡಹುಟ್ಟಿದವಳು ತಾನಾಗಿ ಬಾಗಿಲು ತಟ್ಟಿದಂತಿತ್ತು ಅವಳಿಗೆ. ಜೋರಾಗಿ ಮಾತಾಡಿದರೆ ಎದ್ದು ಹೋದಾಳು ಅನ್ನುವ ಭಯ. ಕುತ್ತಿಗೆಯ ಕಪ್ಪು ತಿಳಿಯಾಯಿತು. ಗದ್ದದ ಕೂದಲು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ದಾರ ಹಚ್ಚಿ ಕಿತ್ತುಕೊಳ್ಳುವುದು ತಪ್ಪಲಿಲ್ಲ.

ಬಾಲಮ್ಮನ ಕಣ್ಣಿಗೆ ಬಿದ್ದದ್ದು ಮುಟ್ಟಲ್ಲ, ತೋಳು. "ಭುಜಾ ನೋಡ್ರಿ ನಮ್ಮ ಸೊಸಿದು. ಗೌಂಡಿ ಕೆಲಸದವರಿಗಿ ಸುದ್ದಾ ಇಲ್ಲ" ಅಂತ ನೀರಿಗೆ ಬಂದ ಹೆಂಗಸರ ಮುಂದೆ ಸೆರಗು ಎಳೆದು ತೋರಿಸಿದಳು.

ಶಹಾಪುರದಲ್ಲಿ ಕಂಡಕಂಡವರ ಕೈಗೆಲ್ಲ ಟಚ್ ಮೊಬೈಲು ಬಂದ ವರ್ಷ ಅದು. ತಾಲೀಮಿನ ಪತ್ರಾಸಿನ ಸಂದಿಯಿಂದ ಯಾರೋ ವಿಡಿಯೋ ತೆಗೆದರು. ಸೀರೆಯ ಕಚ್ಚೆ ಹಾಕಿ, ಬೆವರಿನಲ್ಲಿ ತೊಯ್ದು, ರಾಡು ಹೆಗಲ ಮೇಲಿಟ್ಟು ಬೈಠಕ್ ಹೊಡೆಯುತ್ತಿರುವ ಹೆಂಗಸು. ಬಾಯಿ ತೆರೆದು ಉಸಿರು ಬಿಡುವುದೂ ಅದರಲ್ಲಿ ಕಾಣುತ್ತಿತ್ತು. ಅದಕ್ಕೊಂದು ಕೆಟ್ಟ ಹಾಡು ಅಂಟಿಸಿ ಹರಿಯಬಿಟ್ಟರು. ಟಂಟಂ ಸ್ಟ್ಯಾಂಡಿನಲ್ಲಿ ನೋಡಿದರು, ಕಿರಾಣಿ ಅಂಗಡಿಯಲ್ಲಿ ನೋಡಿದರು. ಕಡೆಗೆ ಕಾಲುವೆಯ ತೂಬಿನ ಹತ್ತಿರ ಕೂತಿದ್ದ ಬಸವಂತರಾಯನ ಮುಂದೆ ಜೊತೆಗಾರರು ಹಿಡಿದರು.

"ಬಸವಂತಾ, ಇನ್ನ ಗೇಟ್ ತಿರುವಾಕ ನೀ ಯಾಕ ಬರ್ತಿ? ನಿನ್ನ ಹೇಣ್ತಿನ್ನ ಕಳಿಸು."

ಅವನು ಬಿಟ್ಟ ನೀರನ್ನು ಕಟ್ಟದೆ ಎದ್ದು ಮನೆಗೆ ಬಂದ. ಶಂಕ್ರಮ್ಮ ಒಲೆಯ ಮುಂದಿದ್ದಳು. ಸಂಜೆಯ ದೀಪ ಹಚ್ಚಿರಲಿಲ್ಲ. ಬಾಲಮ್ಮ ಹೊಸ್ತಿಲ ಮೇಲೆ ಸೊಪ್ಪು ಸೋಸುತ್ತ ಕೂತಿದ್ದಳು. ಅವನು ನೇರ ಹೆಂಡತಿಯ ಹತ್ತಿರ ಹೋಗಿ ಕೈ ಎತ್ತಿದ.

ಕೈ ಕೆಳಗಿಳಿಯಲಿಲ್ಲ. ಶಂಕ್ರಮ್ಮ ಅವನ ಮಣಿಕಟ್ಟು ಹಿಡಿದಿದ್ದಳು. ಅವನು ಜಗ್ಗಿದ. ಅವಳು ತಿರುಚಲಿಲ್ಲ, ನೂಕಲಿಲ್ಲ, ಹಿಡಿದಳಷ್ಟೇ. ಅವನು ಇನ್ನೊಮ್ಮೆ ಜಗ್ಗಿದ. ಮುಖ ಕೆಂಪಾಯಿತು. ಎಷ್ಟೋ ದಿನದ ಮೇಲೆ ಅವನು ಹೆಂಡತಿಯ ಮುಖ ನೋಡಿದ್ದು ಆಗಲೇ. ಅವನ ಕಣ್ಣಲ್ಲಿ ಹೆದರಿಕೆ ಕಂಡಿತು. ಅದನ್ನು ನೋಡಿ ಶಂಕ್ರಮ್ಮನಿಗೆ ಸಂತೋಷವಾಯಿತು. ಆ ಸಂತೋಷ ಅವಳಿಗೇ ಸ್ವಲ್ಪ ದಿಗಿಲು ಹುಟ್ಟಿಸಿತು. ಅವಳು ಕೈ ಬಿಟ್ಟಳು.

ಹೊಸ್ತಿಲ ಮೇಲಿದ್ದ ಬಾಲಮ್ಮ ಎದೆ ಬಡಿದುಕೊಂಡು ಓಣಿಗೆ ಇಳಿದಳು. "ನನ್ನ ಮಗನ್ನ ಹೊಡದಳ್ರೋ! ಗಂಡನ ಮ್ಯಾಲ ಕೈ ಮಾಡ್ಯಾಳ್ರೋ!"

ಆ ವಾರದಲ್ಲೇ ಮನೆಯ ಮುಂದಿನ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಬಸವಂತರಾಯನ ಸೋದರಮಾವ ಭಗವಂತರಾಯ ನಡುವೆ ಕೂತ. ಊರಲ್ಲಿ ಇಂಥ ಮಾತು ಬಗೆಹರಿಸುವುದರಲ್ಲಿ ಹೆಸರಾದವನು. ದೇವಾಪುರದಿಂದ ಶಂಕ್ರಮ್ಮನ ಅಣ್ಣ ಬಂದ. ಬಂದವನೇ ತಂಗಿಯನ್ನು ಮೂಲೆಗೆ ಕರೆದು, "ಕಾಲಿಗಿ ಬೀಳು, ಮುಗೀತದ. ಮನಿ ಮಾನಾ ಕಳೀಬ್ಯಾಡ" ಅಂದ. ಅವಳು ಅವನನ್ನು ದಾಟಿ ಕಟ್ಟೆಯ ಕಡೆ ನಡೆದಳು. ದಸ್ತಗೀರಸಾಬನಿಗೂ ಹೇಳಿ ಕಳಿಸಿದ್ದರು. ಅವನು ಕಟ್ಟೆಯ ಕೆಳಗೆ, ಮೈಯೆಲ್ಲ ಬಿಗಿಮಾಡಿಕೊಂಡು ನಿಂತಿದ್ದ.

ಭಗವಂತರಾಯ ಕೇಳಿದ. "ಉಸ್ತಾದ್, ಈ ಹೆಣಮಗಳು ನಿಮ್ಮ ತಾಲೀಮಿನಾಗ ಏನ್ ಮಾಡ್ತಾಳ?"

"ಕಬ್ಬಿಣ ಎತ್ತತಾಳ."

"ಮತ್ತ?"

"ಮತ್ತ ಕೆಳಗಿಡ್ತಾಳ." ಯಾರೋ ನಕ್ಕರು. ದಸ್ತಗೀರಸಾಬ ನಗಲಿಲ್ಲ. "ಮಾತಾಡೂದಿಲ್ಲ. ಸಲಾಂ ಹೇಳೂದಿಲ್ಲ. ಇಂಥಾ ಸೊಕ್ಕಿನ ಹೆಂಗಸನ್ನ ನಾ ನೋಡಿಲ್ಲ. ಬರಬ್ಯಾಡ ಅಂತ ಮೊದಲ ದಿನಾನೇ ಹೇಳೀನಿ. ಈಗೂ ಹೇಳ್ತೀನಿ."

ಬಾಲಮ್ಮ ಗೆದ್ದವಳ ಹಾಗೆ ಸುತ್ತ ನೋಡಿದಳು. ಶಂಕ್ರಮ್ಮ ದಸ್ತಗೀರಸಾಬನನ್ನು ದುರುಗುಟ್ಟಿ ನೋಡಿದಳು. ಇವನಿಂದ ಒಳ್ಳೆಯ ಮಾತು ಬರುತ್ತದೆ ಅಂತ ಅವಳು ಕಾದಿರಲಿಲ್ಲ. ಆದರೂ ಇಷ್ಟು ಮಂದಿಯ ಎದುರಿಗೆ!

"ಹಂಗಾದ್ರ ಬಾಗಿಲಾ ಹಾಕ್ರಿ ಆಕಿಗಿ" ಅಂದ ಭಗವಂತರಾಯ. "ನಾಳಿಂದ ಬಿಟ್ಕೋಬ್ಯಾಡ್ರಿ."

ದಸ್ತಗೀರಸಾಬ ಕಿವಿ ಉಜ್ಜಿಕೊಂಡ. "ಅದು ನನ್ನ ಬಾಗಿಲಾ, ರಾಯರ. ಯಾರಿಗಿ ತಗೀಬೇಕು, ಯಾರಿಗಿ ಹಾಕಬೇಕು ಅಂತ ನಿಮ್ಮ ಕಟ್ಟಿ ಮುಂದ ನಿಂತು ಹೇಳಿಸ್ಕೊಳ್ಳಂಗಿಲ್ಲ ನಾ. ಕೇಳಿದ್ರಿ, ಹೇಳಿನಿ. ಬರ್ತೀನಿ." ಚಪ್ಪಲಿ ಮೆಟ್ಟಿಕೊಂಡು ನಡೆದೇ ಬಿಟ್ಟ.

ಕೊನೆಗೆ ಭಗವಂತರಾಯ ತೀರ್ಮಾನ ಹೇಳಿದ. ಶಂಕ್ರಮ್ಮ ತಾಲೀಮು ಬಿಡಬೇಕು. ಅತ್ತೆಯ, ಗಂಡನ ಕಾಲು ಹಿಡಿದು ತಪ್ಪಾಯಿತು ಅನ್ನಬೇಕು. ವರ್ಷದೊಳಗೆ ಬಸುರಿಯಾಗದಿದ್ದರೆ ಬಸವಂತರಾಯ ಇನ್ನೊಂದು ಮದುವೆಯಾದರೆ ಅಡ್ಡಿ ಮಾಡಬಾರದು.

ಶಂಕ್ರಮ್ಮ ಗಂಡನ ಕಡೆ ತಿರುಗಿದಳು. ಇಷ್ಟು ವರ್ಷ ಅವನಿಗೆ ಬಹುವಚನದಲ್ಲೇ ಮಾತಾಡಿದವಳು ಅವತ್ತು ಅದನ್ನು ಕಿತ್ತು ಬಿಸಾಕಿದಳು.

"ಬಸವಂತರಾಯ, ನೀ ಹೇಳು. ನಾ ಒಲಿ ಮುಂದ ರಕ್ತ ಸುರಿಸಿ ಬಿದ್ದಾಗ ಎಲ್ಲಿದ್ದಿ? ಡಾಕ್ಟರು ಏನಂದ್ರು ಅಂತ ಒಂದ್ ದಿನಾ ಕೇಳಿದ್ಯಾ? ನನ್ನ ಮೈ ನಾ ನೆಟ್ಟಗ ಮಾಡ್ಕೊಂಡೀನಿ. ಅದು ನಿನಗ ತಪ್ಪಾಗಿ ಕಾಣತದ. ನೀ ಇನ್ನೊಂದು ಮದಿವಿ ಆಗಾಕ ನಾ ಯಾಕ ವರ್ಷ ಕಾಯಲಿ? ಇವತ್ತೇ ಸೋಡಚೀಟಿ ಬರಿ. ಕೋರ್ಟಿಗಿ ಬೇಕಾದ್ರೂ ಬರ್ತೀನಿ. ಕಾಲು ಹಿಡಿಯೂದಿಲ್ಲ. ನಿಂದೂ ಇಲ್ಲ, ನಿಮ್ಮವ್ವಂದೂ ಇಲ್ಲ."

"ಹೋಗು!" ಬಾಲಮ್ಮ ಚೀರಿದಳು. "ಈಗಿಂದೀಗ ಹೋಗು. ನಿನ್ನ ತವರ ಮನಿ ಸಾಮಾನಾ ಒಂದ್ ಕಡ್ಡಿ ಬಿಡ್ದಂಗ ಒಯ್ಯಿ. ಯಾರಾರ ಈಕಿ ಸಾಮಾನಕ್ಕ ಕೈ ಹಚ್ಚಿದ್ರ ನನ್ನ ಹೆಣಾ ನೋಡ್ತೀರಿ!"

ಮದುವೆಯಲ್ಲಿ ಅಪ್ಪ ಕೊಟ್ಟ ಕಬ್ಬಿಣದ ಟ್ರಂಕು ಇತ್ತು, ಒಳಗೆ ಹಿತ್ತಾಳೆ ಪಾತ್ರೆ. ಹಿಂದಿನ ವಾರ ಅಣ್ಣನ ಗದ್ದೆಯಿಂದ ಬಂದ ಭತ್ತದ ಚೀಲವೊಂದಿತ್ತು. ಶಂಕ್ರಮ್ಮ ಓಣಿಯ ಬಾಯಿಗೆ ಹೋಗಿ ಮಸ್ತಾನಸಾಬನ ಟಂಟಂ ನಿಲ್ಲಿಸಿ ಬಂದಳು. ಗಾಡಿ ಓಣಿಯೊಳಗೆ ಬರುವ ಹಾಗಿರಲಿಲ್ಲ. ಅಣ್ಣನ ಮುಖ ನೋಡಿದಳು. ಅವನು ನೆಲ ನೋಡಿದ. "ಗಂಡನ ಮನಿ ಬಿಡೂದಕ್ಕ ನಾ ಕೈ ಹಚ್ಚೂದಿಲ್ಲ, ತಂಗಿ." ಮಸ್ತಾನಸಾಬನೂ ಬಾಲಮ್ಮನ ಬಾಯಿಗೆ ಅಂಜಿ ಸೀಟು ಬಿಟ್ಟು ಇಳಿಯಲಿಲ್ಲ. ಓಣಿಯ ಎರಡೂ ಬದಿಯ ಮಾಳಿಗೆಯ ಮೇಲೆ ಮಂದಿ ನಿಂತರು. ಟ್ರಂಕು ಎಳೆದುಕೊಂಡು ಹೋಗುತ್ತಾಳೆ, ನಡುವೆ ಕೂತು ಅಳುತ್ತಾಳೆ, ಅಂತ ನೋಡಲಿಕ್ಕೆ.

ಶಂಕ್ರಮ್ಮ ಒಳಗೆ ಹೋಗಿ ಸೀರೆಯ ಕಚ್ಚೆ ಬಿಗಿದಳು. ಟ್ರಂಕಿನ ಮುಂದೆ ಪಾದ ಅಗಲಿಸಿ ನಿಂತು, ಟೊಂಕದಲ್ಲಿ ಬಗ್ಗಿ, ಎರಡೂ ಹಿಡಿಕೆಗೆ ಕೈ ಹಾಕಿ, ಉಸಿರು ಕಟ್ಟಿದಳು. ಟ್ರಂಕು ನೆಲ ಬಿಟ್ಟಿತು. ಹೊಟ್ಟೆಗೆ ಒತ್ತಿಕೊಂಡು ಬಾಗಿಲು ದಾಟಿದಳು, ಹಿರಿಯರ ಕಟ್ಟೆ ದಾಟಿದಳು, ಓಣಿಯ ಉದ್ದಕ್ಕೂ ನಡೆದಳು. ಒಳಗಿನ ಪಾತ್ರೆಗಳು ಹೆಜ್ಜೆಹೆಜ್ಜೆಗೂ ಸದ್ದು ಮಾಡಿದವು. ಗಾಡಿಯಲ್ಲಿಟ್ಟು ತಿರುಗಿ ಬಂದಳು. ಭತ್ತದ ಚೀಲ ಟ್ರಂಕಿಗಿಂತ ಭಾರ. ಅದನ್ನು ಮೊದಲು ನಿಲ್ಲಿಸಿ, ಮಂಡಿಯ ಮೇಲೆ ಒರಗಿಸಿಕೊಂಡು, ಮಂಡಿಯಿಂದ ಹೆಗಲಿಗೆ ತಂದಳು. ಏಳುವಾಗ ಕಾಲು ನಡುಗಿದವು. ಈಗ ಬಿದ್ದರೆ ಈ ಊರು ಇದನ್ನು ಎಂದೂ ಬಿಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಬೀಳಲಿಲ್ಲ. ಕಟ್ಟೆಯ ಮುಂದೆ ಬಂದಾಗ ಬಾಲಮ್ಮ ಅಡ್ಡ ನಿಂತಿದ್ದಳು.

"ಸರೀರಿ, ಅತ್ತಿ. ಮ್ಯಾಲ ಬಿದ್ದೀತು."

ಬಾಲಮ್ಮ ಸರಿದಳು.

ಭೀಮರಾಯನಗುಡಿಯಲ್ಲಿ, ಕಾಲುವೆ ಕಟ್ಟುವ ಕಾಲಕ್ಕೆ ಕೆಲಸಗಾರರಿಗೆಂದು ಹಾಕಿದ ಹಳೆಯ ಮನೆಗಳ ಸಾಲಿನಲ್ಲಿ ಹಣಮಂತಮ್ಮ ಅವಳಿಗೊಂದು ಕೋಣೆ ಹುಡುಕಿ ಕೊಟ್ಟಳು. ಎರಡು ದಿನ ಶಂಕ್ರಮ್ಮ ಸೊಂಟ ಹಿಡಿದುಕೊಂಡು ಮಲಗಿದಳು. ಮೂರನೆಯ ದಿನ ಮಧ್ಯಾಹ್ನ ತಾಲೀಮಿಗೆ ಹೋಗಿ ದಸ್ತಗೀರಸಾಬನ ಎದುರಿಗೆ ನಿಂತಳು.

"ಅಷ್ಟು ಮಂದಿ ಮುಂದ ನನಗ ಸೊಕ್ಕಿನಾಕಿ ಅಂದ್ರಿ."

"ಸುಳ್ಳು ಹೇಳಿನೇನು?"

"ಬರಬ್ಯಾಡ ಅಂದ್ರಿ."

"ಈಗೂ ಅಂತೀನಿ. ಬಂದೀದಿ ಅಲಾ. ಎತ್ತು."

ಅವಳು ಎತ್ತಿದಳು. ಅವರಿಬ್ಬರ ನಡುವೆ ಎಂದೂ ಒಂದು ಮೆತ್ತನೆಯ ಮಾತು ಹುಟ್ಟಲಿಲ್ಲ. ಪತ್ರಾಸಿನ ಸಂದಿಗಳನ್ನು ಮಾತ್ರ ಅವನು ಒಳಗಿನಿಂದ ಹಲಗೆ ಹೊಡೆದು ಮುಚ್ಚಿದ್ದ. ಯಾವಾಗ ಮುಚ್ಚಿದ ಅಂತ ಅವಳು ಕೇಳಲಿಲ್ಲ. ಗಾಳಿ ಬರೂದಿಲ್ಲ ಅಂತ ಬೈದಳು.

ಗಂಡ-ಹೆಂಡಿರನ್ನು ಬಿಡಿಸುವ ಸೋಡಚೀಟಿ ಆಯಿತು, ಆಮೇಲೆ ಕೋರ್ಟಿನ ಕಾಗದವೂ ಆಯಿತು. ಬಸವಂತರಾಯ ಮುಂದಿನ ಬೇಸಿಗೆಯಲ್ಲೇ ಹತ್ತಿಕುಣಿಯ ಕಡೆಯ ಹುಡುಗಿಯನ್ನು ಮದುವೆಯಾದ. ಅವನಿಗೆ ಗಂಡುಮಗು ಹುಟ್ಟಿದ ಸುದ್ದಿಯನ್ನು ಟಂಟಮ್ಮಿನಲ್ಲಿ ಯಾರೋ ಬೇಕಂತಲೇ ಶಂಕ್ರಮ್ಮನ ಕಿವಿಗೆ ಬೀಳುವ ಹಾಗೆ ಆಡಿದರು. ಆ ದಿನ ಅವಳು ತಾಲೀಮಿನ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಕೋಣೆಯ ಬಾಗಿಲು ಹಾಕಿಕೊಂಡು, ಹಾಸಿಗೆಯನ್ನೂ ಹಾಸದೆ, ಬರಿ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಮೈ ಎಷ್ಟು ಗಟ್ಟಿಯಾದರೂ ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು. ಹಣಮಂತಮ್ಮ ಬಂದು ಬಾಗಿಲು ಬಡಿದಳು. ಅವಳು ತೆಗೆಯಲಿಲ್ಲ. ಒಂದು ವಾರ ಕಬ್ಬಿಣ ಮುಟ್ಟಲಿಲ್ಲ. ಆಮೇಲೆ ಮುಟ್ಟಿದಳು. ಇನ್ನೊಂದು ಮದುವೆಯ ಮಾತನ್ನು ಅಣ್ಣ ಎರಡು ಸಲ ತಂದ. ಎರಡು ಸಲವೂ ಚಹಾ ಕೊಡದೆ ಕಳಿಸಿದಳು.

ಈಗ ಆಕೆಗೆ ನಲವತ್ತರ ಹತ್ತಿರ. ತಿಂಗಳು ತಿಂಗಳು ಮುಟ್ಟು ಬರುತ್ತದೆ, ಸಕ್ಕರೆ ಹತೋಟಿಯಲ್ಲಿದೆ. ಡಾಕ್ಟರಮ್ಮ ಗುಳಿಗೆ ಕಡಿಮೆ ಮಾಡಿದ್ದಾಳೆ, ಪೂರ್ತಿ ಬಿಡಿಸಿಲ್ಲ. ಊರಿನಲ್ಲಿ ಈಗಲೂ ಅವಳಿಗೆ ಪೈಲ್ವಾನಮ್ಮ ಅಂತ ಅಡ್ಡಹೆಸರು. ಹೇಳುವವರಲ್ಲಿ ಅರ್ಧ ಮಂದಿ ಅಣಕಕ್ಕೇ ಹೇಳುತ್ತಾರೆ. ದಸ್ತಗೀರಸಾಬನ ಮಂಡಿ ಹೋಗಿ ಅವನು ಕುರ್ಚಿಯ ಮೇಲೆ ಕೂತೇ ಬೈಯುತ್ತಾನೆ. ಮಧ್ಯಾಹ್ನದ ಹೊತ್ತು ಹೆಂಗಸರಿಗೆಂದೇ ಆಗಿಹೋಗಿದೆ. ಡಾಕ್ಟರಮ್ಮ ಒಬ್ಬೊಬ್ಬರನ್ನು ಕಳಿಸುತ್ತಲೇ ಇರುತ್ತಾಳೆ. ಅವರಿಗೆ ಕಲಿಸುವವಳು ಶಂಕ್ರಮ್ಮ. ಕಲಿಸುವುದರಲ್ಲಿ ಕರುಣೆಯಿಲ್ಲ ಅಂತ ಬಂದವರೆಲ್ಲ ದೂರುತ್ತಾರೆ.

ಹೋದ ಮಳೆಗಾಲದಲ್ಲಿ ಭೀಮವ್ವ ಅನ್ನುವ ಶಾಲೆಯ ಮೇಡಂ ಬಂದಳು. ಮುಖಕ್ಕೆ ಸೆರಗು ಮುಚ್ಚಿಕೊಂಡು, ಬಾಗಿಲಲ್ಲೇ ನಿಂತು ಕೇಳಿದಳು.

"ಅಕ್ಕಾ, ಇದನ್ನ ಮಾಡಿದ್ರ ಗದ್ದದ ಕೂದಲಾ ಹೋಗತಾವೇನ್ರಿ?"

"ಇಲ್ಲ."

"ಮತ್ತ ಎಷ್ಟು ದಿನಕ್ಕ ಫರಕ್ ಗೊತ್ತಾಗತದ?"

"ನಂಗೇನ್ ಗೊತ್ತು? ನಿನ್ನ ಮೈ, ನಂದಲ್ಲ. ಸೆರಗ ತಗಿ ಮೊದಲ. ಮುಖಾ ಮುಚ್ಕೊಂಡು ಉಸಿರು ಹೆಂಗ ಬಿಡ್ತಿ?"

ಭೀಮವ್ವನ ಕಣ್ಣಲ್ಲಿ ನೀರು ಬಂತು. ಸಿಟ್ಟೂ ಬಂತು. ಮಳೆಯಲ್ಲೇ ಹೊರಟುಹೋದಳು. ದಸ್ತಗೀರಸಾಬ ಕುರ್ಚಿಯಿಂದ, "ಓಡಿಸಿದಿ ನೋಡು" ಅಂದ. ಶಂಕ್ರಮ್ಮ, "ಬರೂದಿದ್ರ ಬರ್ತಾಳ" ಅಂದಳು.

ಮರುದಿನ ಭೀಮವ್ವ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮುಂದಿನ ವಾರ, ಮಧ್ಯಾಹ್ನ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದು ನಿಂತಳು. ಮುಖ ಗಂಟು ಹಾಕಿಕೊಂಡೇ ಇತ್ತು. ಶಂಕ್ರಮ್ಮ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ತಾನು ಎತ್ತುತ್ತಿದ್ದ ರಾಡನ್ನು ಕೆಳಗಿಟ್ಟು, ಬಗ್ಗಿ, ಹೊಸಬಳಿಗೆ ಎತ್ತಲು ಬರುವಷ್ಟು ಹಗುರಾಗಲಿ ಅಂತ ಅದರ ಪ್ಲೇಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.